ಸಭಾಪಾಲಕರು, ಖಜಾಂಚಿ, ನೌಕರರು ಬದಲಾದಾಗ ಲೆಕ್ಕ ಮುಗಿಸುವ ಹೊಸ ಕ್ರಮ: ಏಪ್ರಿಲ್ 1ರಿಂದ

ಮಾನ್ಯ ಸಭಾಪಾಲಕರು, ಕಾರ್ಯದರ್ಶಿಗಳು, ಖಜಾಂಚಿಗಳು ಮತ್ತು ಸಮಿತಿಯ ಸದಸ್ಯರಿಗೆ ವಂದನೆಗಳು.

ನಮ್ಮ ಕಚೇರಿಯಲ್ಲಿ ಲೆಕ್ಕ ಬರೆಸುವ ಮಂಗಳೂರು, ಉಡುಪಿ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗೆ, ಅಂದರೆ ಚರ್ಚುಗಳಿಗೆ, ಇದುವರೆಗೆ ವರ್ಷಕ್ಕೆ ಒಂದೇ ಮುಕ್ತಾಯವಿತ್ತು, ಮಾರ್ಚ್ 31ಕ್ಕೆ. ಬರುವ ಏಪ್ರಿಲ್ 1ರಿಂದ ಸಭಾಪಾಲಕರಿಗೆ (ಪಾದ್ರಿಗಳಿಗೆ) ವರ್ಗವಾದರೆ, ಖಜಾಂಚಿ ಬದಲಾದರೆ ಅಥವಾ ಸಂಬಳದ ನೌಕರರೊಬ್ಬರು ಕೆಲಸ ಬಿಟ್ಟರೆ, ಆ ದಿನಕ್ಕೆ ಸರಿಯಾಗಿ ಲೆಕ್ಕವನ್ನು ಇನ್ನೊಮ್ಮೆ ಮುಗಿಸುತ್ತೇವೆ. ಇದನ್ನು ನಾವು ಬಿಡುಗಡೆ ಲೆಕ್ಕ ಎನ್ನುತ್ತೇವೆ. ಹೋಗುವವರು, ಬರುವವರು ಇಬ್ಬರೂ ಅದಕ್ಕೆ ಸಹಿ ಹಾಕಬೇಕು. ಆ ಸಹಿ ಬೀಳದೆ ಹೊಸಬರ ಕಾಲದ ವೋಚರುಗಳನ್ನು ಪುಸ್ತಕಕ್ಕೆ ಹತ್ತಿಸುವುದಿಲ್ಲ.

ಈ ಕ್ರಮ ಯಾಕೆ ಬೇಕಾಯಿತೆಂದರೆ, ವರ್ಗಾವಣೆ ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ, ಮಕ್ಕಳ ಶಾಲೆ ಮುಗಿದ ಮೇಲೆ ಬರುತ್ತದೆ. ಅಷ್ಟರಲ್ಲಿ ಮಾರ್ಚ್ ಕಳೆದಿರುತ್ತದೆ, ಆಡಿಟ್ ಮಾತ್ರ ಆಗಿರುವುದಿಲ್ಲ. ಜುಲೈಯಲ್ಲೋ ಆಗಸ್ಟಿನಲ್ಲೋ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಸಿದ್ಧವಾದಾಗ ಅದಕ್ಕೆ ಸಹಿ ಹಾಕಬೇಕಾದವರು ಆಗ ಅಧಿಕಾರದಲ್ಲಿರುವ ಸಭಾಪಾಲಕರು. ಆದರೆ ಆ ವರ್ಷದ ಒಂದು ರೂಪಾಯಿ ಖರ್ಚೂ ಅವರ ಕಣ್ಣೆದುರು ಆಗಿರುವುದಿಲ್ಲ. ಕಾಂಪೌಂಡು ಗೋಡೆಯ ರಿಪೇರಿಗೆ ಕೊಟ್ಟ ಮುಂಗಡದ ಬಿಲ್ಲೆಲ್ಲಿ ಎಂದು ಆಡಿಟರು ಕೇಳಿದರೆ ಉತ್ತರ ಹೇಳಬೇಕಾದವರು ಇನ್ನೊಂದು ಊರಿನಲ್ಲಿರುತ್ತಾರೆ. ಅನುಮಾನ ಹುಟ್ಟುವುದು ಇಂಥ ಕಡೆ. ಹಣ ಎಲ್ಲೂ ಹೋಗಿರುವುದಿಲ್ಲ, ಕಾಗದ ಮಾತ್ರ ಇರುವುದಿಲ್ಲ. ಆದ್ದರಿಂದ ಬಾಕಿ ಬಿಲ್ಲುಗಳ ಪಟ್ಟಿಯನ್ನು ವರ್ಗಾವಣೆ ಆದೇಶ ಬಂದ ವಾರದಲ್ಲೇ ನಿಮಗೆ ಕಳುಹಿಸುತ್ತೇವೆ. ಸಾಮಾನು ಲಾರಿಗೆ ಹೇರುವ ಮುಂಚೆ ಅದು ಇತ್ಯರ್ಥವಾಗಬೇಕು.

ಮೊದಲು ಕೈಯಲ್ಲಿರುವ ಹಣ. ಬಿಡುಗಡೆಯ ದಿನ ಕಾಣಿಕೆ ಪೆಟ್ಟಿಗೆಗಳನ್ನೆಲ್ಲ ತೆರೆದು ಇಬ್ಬರು ಎಣಿಸಬೇಕು. ಐನೂರರ ನೋಟು ಇಷ್ಟು, ಇನ್ನೂರರದು ಇಷ್ಟು ಎಂದು ಚೀಟಿ ಬರೆದು ಇಬ್ಬರೂ ಸಹಿ ಮಾಡಬೇಕು. ಮೂಲೆಯಲ್ಲಿರುವ ಬಡವರ ನಿಧಿಯ ಡಬ್ಬಿ ಮರೆತುಹೋಗುವುದೇ ಹೆಚ್ಚು. ಸ್ತ್ರೀಯರ ಅನ್ಯೋನ್ಯ ಕೂಟ, ಯೌವನಸ್ಥರ ಕೂಟ, ಸಂಡೇ ಸ್ಕೂಲಿನ ಹಣ ಸಭಾಪಾಲಕರ ಕಪಾಟಿನಲ್ಲಿ ಲಕೋಟೆಗಳಲ್ಲಿ ಇರುವುದುಂಟು, ಅದನ್ನೂ ಅಂದೇ ಎಣಿಸಿ ಆಯಾ ಕೂಟದ ಖಜಾಂಚಿಯ ಕೈಗೆ ಕೊಟ್ಟು ರಸೀದಿ ಪಡೆಯಿರಿ. ಬೀಳ್ಕೊಡುಗೆಯ ಉಡುಗೊರೆಗೆ ಸದಸ್ಯರಿಂದ ಎತ್ತಿದ ಹಣವನ್ನು ಸಭೆಯ ಖಾತೆಗೆ ಹಾಕಬೇಡಿ. ಹಾಕಿದರೆ ಅದು ಸಭೆಯ ಆದಾಯವಾಗಿ, ಮರುದಿನವೇ ಪದಾಧಿಕಾರಿಗೆ ಕೊಟ್ಟ ಪಾವತಿಯಾಗಿ ಕಾಣುತ್ತದೆ. ತೆರಿಗೆ ವಿನಾಯಿತಿ ಇರುವ ಸಂಸ್ಥೆಗೆ ಇಲ್ಲದ ಪ್ರಶ್ನೆಗಳು ಬರುವುದು ಹೀಗೆ.

ಬ್ಯಾಂಕಿನಲ್ಲಿ ಸಹಿ ಬದಲಿಸುವುದು ಒಂದೇ ದಿನದ ಕೆಲಸ ಎಂದುಕೊಳ್ಳಬೇಡಿ. ಸಮಿತಿಯ ಠರಾವಿನಲ್ಲಿ ಹಳೆಯವರ ಹೆಸರು ತೆಗೆಯಬೇಕೆಂದೂ ಹೊಸಬರ ಹೆಸರು ಸೇರಿಸಬೇಕೆಂದೂ, ಯಾರ್ಯಾರು ಜೊತೆಯಾಗಿ ಸಹಿ ಮಾಡಬೇಕೆಂದೂ ಸ್ಪಷ್ಟವಾಗಿ ಇರಲಿ. ಅದರ ದೃಢೀಕೃತ ನಕಲಿನ ಜೊತೆ ಸಭಾಪ್ರಾಂತ್ಯದ (ಡಯಾಸಿಸ್) ನೇಮಕಾತಿ ಆದೇಶದ ಪ್ರತಿ, ಹೊಸ ಸಹಿದಾರರ ಪ್ಯಾನ್, ಆಧಾರ್, ಫೋಟೋ ಹೋಗಬೇಕು. ಅರ್ಜಿ ವಾಪಸು ಬರುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಠರಾವಿನ ತಾರೀಖು ನೇಮಕಾತಿ ಆದೇಶಕ್ಕಿಂತ ಹಿಂದಿನದಾಗಿರುತ್ತದೆ, ನಕಲಿನ ಮೇಲೆ ಸಭೆಯ ಮೊಹರು ಇರುವುದಿಲ್ಲ, ಇಲ್ಲವೇ ಠರಾವಿನಲ್ಲಿ ‘ರೆವ.’ ಸೇರಿಸಿ ಇನಿಶಿಯಲ್ ಹಾಕಿ ಬರೆದ ಹೆಸರು ಆಧಾರ್‌ನಲ್ಲಿ ಬೇರೆ ಥರ ಇರುತ್ತದೆ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಗೌರವದ ‘ರೆವರೆಂಡ್’ ಬ್ಯಾಂಕಿಗೆ ಬೇಡ.

ಹೊಸ ಸಹಿ ಚಾಲ್ತಿಗೆ ಬರುವವರೆಗೆ ಖರ್ಚು ನಿಲ್ಲುವುದಿಲ್ಲವಲ್ಲ. ಆ ತಿಂಗಳ ಮೆಸ್ಕಾಂ ಬಿಲ್ಲು, ನೀರಿನ ಬಿಲ್ಲು, ನೌಕರರ ಸಂಬಳವನ್ನು ಹಳೆಯ ಸಹಿಯಲ್ಲೇ ಮುಂಚಿತವಾಗಿ ಮುಗಿಸಿ. ಕೊಟ್ಟಿದ್ದು, ಇನ್ನೂ ಪಾಸಾಗದ ಚೆಕ್‌ಗಳ ನಂಬರು, ಮೊತ್ತ, ತಾರೀಖು ಬರೆದು, ಅವುಗಳನ್ನು ಪಾವತಿಸಬಹುದು ಎಂಬ ಒಂದು ಸಾಲನ್ನು ಠರಾವಿನಲ್ಲೇ ಸೇರಿಸಿ. ಚೆಕ್‌ನ ಆಯುಸ್ಸು 3 ತಿಂಗಳು, ಅಷ್ಟು ದಿನವೂ ಅದು ಬ್ಯಾಂಕಿಗೆ ಬರಬಹುದು. ಪಾಸ್‌ಬುಕ್ಕಿನಲ್ಲಿ 1,84,000 ರೂ. ಇದ್ದು, ಪಾಸಾಗದ ಚೆಕ್‌ಗಳು 46,500 ರೂ. ಆಗಿದ್ದರೆ ಹೊಸಬರಿಗೆ ಸಿಗುವುದು 1,37,500 ರೂ. ಮಾತ್ರ. ಹಸ್ತಾಂತರ ಪತ್ರದಲ್ಲಿ ಬರೆಯಬೇಕಾದ ಮೊತ್ತ ಇದು, ಪಾಸ್‌ಬುಕ್ಕಿನದಲ್ಲ. ಉಳಿದ ಖಾಲಿ ಚೆಕ್ ಹಾಳೆಗಳ ನಂಬರನ್ನೂ ಬರೆದುಕೊಳ್ಳಿ. ಅನುಕೂಲಕ್ಕೆಂದು ಮೊದಲೇ ಸಹಿ ಮಾಡಿಟ್ಟ ಖಾಲಿ ಚೆಕ್ ಇದ್ದರೆ ನಮ್ಮೆದುರು ರದ್ದು ಮಾಡಿ.

ಈಗ ಚೆಕ್‌ಗಿಂತ ಹೆಚ್ಚು ತೊಂದರೆ ಕೊಡುವುದು ಮೊಬೈಲ್ ನಂಬರು. ಖಾತೆಗೆ ಜೋಡಿಸಿದ ನಂಬರು ಹಿಂದಿನ ಖಜಾಂಚಿಯ ಸ್ವಂತದ್ದಾಗಿದ್ದರೆ ಅವರು ಇಳಿದ ಮೇಲೂ ಓಟಿಪಿ ಅವರಿಗೇ ಹೋಗುತ್ತದೆ. ಅವರು ಒಳ್ಳೆಯವರೇ ಇರಬಹುದು, ಆದರೆ ಮಗಳ ಮನೆಗೆಂದು ದುಬೈಗೆ ಹೋಗಿ ಸಿಮ್ ಬಂದ್ ಆದರೆ ಖಾತೆಯೇ ಮುಟ್ಟಲಾಗದಂತಾಗುತ್ತದೆ. ಸಭೆಯ ಹೆಸರಿನಲ್ಲಿ ಒಂದು ಸಿಮ್ ತೆಗೆದು, ಅದನ್ನು ಸಭಾ ಕಚೇರಿಯ ಫೋನಿನಲ್ಲೇ ಇಡಿ. ಚರ್ಚಿನ ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಕೋಡಿಗೆ ಒಂದು ರೂಪಾಯಿ ಹಾಕಿ, ಅದು ಯಾವ ಖಾತೆಗೆ ಹೋಗುತ್ತದೆಂದು ಪಾಸ್‌ಬುಕ್ಕಿನಲ್ಲಿ ನೋಡಿ. ವ್ಯಕ್ತಿಯ ಹೆಸರು ಬಂದರೆ ಆ ಹಾಳೆಯನ್ನು ಅಂದೇ ಕಿತ್ತುಹಾಕಿ. ಆರಾಧನೆಯ ನೇರಪ್ರಸಾರ ಮಾಡುವ ಯೂಟ್ಯೂಬ್ ಚಾನೆಲು, ಸಭೆಯ ಇಮೇಲು, ಆದಾಯ ತೆರಿಗೆ ಪೋರ್ಟಲಿನಲ್ಲಿರುವ ನಂಬರು, ಪಾಸ್‌ವರ್ಡುಗಳೂ ಈ ಪಟ್ಟಿಗೇ ಸೇರುತ್ತವೆ.

ಠೇವಣಿ ಪತ್ರಗಳನ್ನು ಒಂದೊಂದಾಗಿ ಬಿಚ್ಚಿ ಓದಬೇಕು. ಸ್ಮಶಾನ ನಿಧಿ, ಕಟ್ಟಡ ನಿಧಿಯ ಎಫ್.ಡಿ.ಗಳಲ್ಲಿ ಕೆಲವು ಹಿಂದೆಂದೋ ಇಬ್ಬರು ವ್ಯಕ್ತಿಗಳ ಹೆಸರಿನಲ್ಲಿ ಆಗಿರುತ್ತವೆ. ಅದರ ಬಡ್ಡಿ ಮತ್ತು ಟಿಡಿಎಸ್ ಅವರ ಸ್ವಂತ ಪ್ಯಾನ್‌ಗೆ ಹತ್ತುತ್ತದೆ. ಸಭೆಯ ಲೆಕ್ಕದಲ್ಲಿ ಬಡ್ಡಿ ಇದೆ, ತೆರಿಗೆ ದಾಖಲೆಯಲ್ಲಿ ಇಲ್ಲ. ಆ ವ್ಯಕ್ತಿ ತೀರಿಕೊಂಡರಂತೂ ವಾರಸುದಾರರ ಒಪ್ಪಿಗೆಯವರೆಗೆ ಹೋಗಬೇಕಾಗುತ್ತದೆ. ಅಂಥ ಠೇವಣಿಯನ್ನು ಹೆಸರಿದ್ದವರು ಊರಲ್ಲಿರುವಾಗಲೇ ಸಭೆಯ ಹೆಸರಿಗೆ ಮಾಡಿಸಿ.

ರಿಜಿಸ್ಟರುಗಳು ಹಣದಷ್ಟೇ ಮುಖ್ಯ. ದೀಕ್ಷಾಸ್ನಾನ, ವಿವಾಹ, ಮರಣದ ಪುಸ್ತಕಗಳಲ್ಲಿ ಕೊನೆಯ ನಮೂದಿನ ಕ್ರಮಸಂಖ್ಯೆಯನ್ನು ಹಸ್ತಾಂತರ ಪತ್ರದಲ್ಲಿ ಬರೆದು, ಆ ನಮೂದಿನ ಕೆಳಗೆ ಇಬ್ಬರೂ ಸಭಾಪಾಲಕರು ಸಣ್ಣ ಸಹಿ ಹಾಕಲಿ. ವಿವಾಹದ ನಮೂದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಬರುತ್ತದೆ. ಮದುವೆಗೆ ಮುಂಚೆ ಚರ್ಚಿನಲ್ಲಿ ಅದರ ಪ್ರಕಟಣೆ ಓದಿದವರು ಒಬ್ಬರು, ಮದುವೆ ನಡೆಸಿದವರು ಇನ್ನೊಬ್ಬರು ಆಗಬಹುದು. ಪುಸ್ತಕದಲ್ಲಿ ಸಹಿ ಮಾಡಬೇಕಾದವರು ನಡೆಸಿದವರೇ. ಹೊಸಬರು ಬಂದಾಗ ಹಳೆಯ ನಮೂದಿನಲ್ಲಿ ತಪ್ಪು ಕಂಡರೆ ಅದನ್ನು ಅಳಿಸುವುದಾಗಲಿ, ಮೇಲೆ ತಿದ್ದುವುದಾಗಲಿ ಕೂಡದು. ತಪ್ಪು ಗೊತ್ತಾದ ಒಂದು ತಿಂಗಳೊಳಗೆ, ದಂಪತಿಯ ಎದುರು, ಅವರಿಲ್ಲದಿದ್ದರೆ ಇಬ್ಬರು ನಂಬಿಕಸ್ಥ ಸಾಕ್ಷಿಗಳ ಎದುರು, ಅಂಚಿನಲ್ಲಿ ಸರಿಪಡಿಸಿ ಸಹಿ, ತಾರೀಖು ಹಾಕಬೇಕು ಎಂದು ಕಾಯ್ದೆಯ 78ನೇ ಸೆಕ್ಷನ್ ಹೇಳುತ್ತದೆ. ವೀಸಾಕ್ಕೆ ಬೇಕೆಂದು ಯಾರಾದರೂ ಒತ್ತಾಯಿಸಿದರೂ ಇದಕ್ಕೆ ಅಡ್ಡದಾರಿ ಇಲ್ಲ. ಸಹಿ ಹಾಕಿಟ್ಟ ಖಾಲಿ ಸರ್ಟಿಫಿಕೇಟುಗಳು ಡ್ರಾಯರಿನಲ್ಲಿದ್ದರೆ ಹರಿದುಹಾಕಿ, ಎಷ್ಟು ಹರಿದಿರಿ ಎಂದು ಬರೆದಿಡಿ.

ಬಾಸೆಲ್ ಮಿಷನ್ (ಹಿಂದೆ ಇಲ್ಲಿ ಕೆಲಸ ಮಾಡಿದ ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ) ಕಾಲದ ಪುಸ್ತಕಗಳು ಇರುವ ಸಭೆಗಳು ಅವುಗಳಿಗೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಗೋಂದು ಕಾಗದವನ್ನು ಹಳದಿ ಮಾಡಿ ತಿನ್ನುತ್ತದೆ. ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಆ ಕಾಲದ ದಾಖಲೆಗಳ ಸಂಗ್ರಹಾಲಯವಿದೆ, ಅಲ್ಲಿ ಕೇಳಿ.

ಚರ್ಚಿನ ಕೆಲಸದವರು, ಆರ್ಗನ್ ನುಡಿಸುವವರು, ಕಚೇರಿಯ ಗುಮಾಸ್ತರು ಬಿಟ್ಟಾಗ ಬಾಕಿ ಸಂಬಳವನ್ನು 2 ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಮುಂದಿನ ಸಮಿತಿ ಸಭೆಯವರೆಗೆ ಕಾಯಿಸುವ ಹಾಗಿಲ್ಲ. ಗ್ರಾಚ್ಯುಟಿಗೆ ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. 13,000 ರೂ. ಸಂಬಳದಲ್ಲಿ 12 ವರ್ಷ ದುಡಿದವರಿಗೆ 90,000 ರೂ. ಆಗುತ್ತದೆ. ಕಾನೂನು ಅನ್ವಯಿಸಲು 10 ಜನ ನೌಕರರಿರಬೇಕು. ಅಷ್ಟು ಜನರಿಲ್ಲದ ಸಭೆಗಳೂ ಇದೇ ಲೆಕ್ಕ ಹಿಡಿದರೆ ತಕರಾರಿಗೆ ಜಾಗವಿರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಇಷ್ಟು ಹಣ ಒಮ್ಮೆಗೇ ಹೊಂದಿಸುವುದು ಸಣ್ಣ ಸಭೆಗೆ ಕಷ್ಟ. ಆದ್ದರಿಂದ ಈ ವರ್ಷದಿಂದ ಪ್ರತಿ ನೌಕರರ ಹೆಸರಿನಲ್ಲಿ ವರ್ಷಕ್ಕಿಷ್ಟು ಎಂದು ತೆಗೆದಿಡುವ ಒಂದು ಶೀರ್ಷಿಕೆಯನ್ನು ನಿಮ್ಮ ಬಜೆಟಿನಲ್ಲಿ ಸೇರಿಸಿ ಕಳುಹಿಸುತ್ತೇವೆ. ಬೇಡವೆನ್ನುವ ಸಮಿತಿ ಬರೆದು ತಿಳಿಸಲಿ.

ಸಭಾಪಾಲಕರ ಮನೆಯ ಸಾಮಾನು, ಪ್ರಭುಭೋಜನದ ಪಾತ್ರೆ, ಮೈಕು, ಮಿಕ್ಸರು, ಕೀಬೋರ್ಡು ಇವುಗಳ ಪಟ್ಟಿಯನ್ನು ನೀವೇ ಮಾಡಿ, ಒಂದು ಪ್ರತಿ ನಮಗೆ ಕೊಟ್ಟರೆ ಸಾಕು. ದಾನ ಬಂದ ವಸ್ತುವಿನ ಎದುರು ‘ಸಭೆಗೆ’ ಅಥವಾ ‘ಸಭಾಪಾಲಕರಿಗೆ’ ಎಂದು ಬಂದ ದಿನವೇ ಬರೆದಿದ್ದರೆ ಫ್ರಿಜ್ಜಿನ ವಿಷಯಕ್ಕೆ ಮಾತು ಬೆಳೆಯುವುದಿಲ್ಲ. ಗ್ಯಾಸ್ ಕನೆಕ್ಷನ್ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಜಮೀನು, ಕಟ್ಟಡದ ಪತ್ರಗಳ ಮೂಲಪ್ರತಿ ಎಲ್ಲಿದೆ ಎಂಬುದನ್ನು ಮಾತ್ರ ಬರೆಯಿರಿ. ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುವ ಆಸ್ತಿಯನ್ನು ಸ್ಥಳೀಯ ಸಭೆ ಯಾರಿಗೂ ಹಸ್ತಾಂತರಿಸುವ ಪ್ರಶ್ನೆ ಬರುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಆದೇಶ ಕೈಸೇರಿದ ಕೂಡಲೇ, ಸಾಧ್ಯವಾದರೆ ಬಿಡುಗಡೆಗೆ 15 ದಿನ ಮೊದಲು, ಈ ಪತ್ರದ ಜೊತೆಗಿರುವ ಎರಡು ಪುಟದ ನಮೂನೆ ತುಂಬಿ ಕಳುಹಿಸಿ. ಬಿಡುಗಡೆಯ ದಿನ ನಮ್ಮವರೊಬ್ಬರು ಬಂದು ಅರ್ಧ ದಿನ ಕುಳಿತು ಲೆಕ್ಕ ಮುಗಿಸಿಕೊಡುತ್ತಾರೆ. ಭಾನುವಾರ ಬೇಡ, ಬ್ಯಾಂಕು ತೆರೆದಿರುವ ದಿನವನ್ನೇ ಗೊತ್ತುಮಾಡಿ. ಹೊಸ ಸಭಾಪಾಲಕರು ಬರುವುದು ತಡವಾದರೆ, ಅಲ್ಲಿಯವರೆಗೆ ಸಭಾಪ್ರಾಂತ್ಯ ಹೊಣೆ ವಹಿಸಿದವರೇ ವಹಿಸಿಕೊಂಡವರ ಜಾಗದಲ್ಲಿ ಸಹಿ ಹಾಕಬಹುದು. ವರ್ಷಕ್ಕೆ ಎರಡು ಬಿಡುಗಡೆ ಲೆಕ್ಕಗಳಿಗೆ ಬೇರೆ ಶುಲ್ಕವಿಲ್ಲ, ಅವು ಈಗಿನ ವಾರ್ಷಿಕ ಶುಲ್ಕದಲ್ಲೇ ಸೇರಿವೆ. ಈ ಮೇ ತಿಂಗಳಲ್ಲಿ ವರ್ಗಾವಣೆ ನಿರೀಕ್ಷಿಸುತ್ತಿರುವ ಸಭೆಗಳು ಮಾರ್ಚ್ ಕೊನೆಯ ವಾರದೊಳಗೆ ಫೋನ್ ಮಾಡಿದರೆ ದಿನ ಹೊಂದಿಸಲು ಸುಲಭವಾಗುತ್ತದೆ.

ಇತಿ,
ನಿಮ್ಮ ಲೆಕ್ಕಪತ್ರ ಕಚೇರಿಯವರು