ಮೊದಲು ಹೋಗಬೇಕಾದವರು ಯಾರು?

ಈಸ್ಟರ್ ಹತ್ತಿರ ಬಂತು. ನಮ್ಮ ಸಂಘದ ಕ್ರೈಸ್ತ ಕುಟುಂಬಗಳು ದಿನಾ ಹೇಳುವ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪನ್ನೂ ಕ್ಷಮಿಸು ಎಂಬ ಮಾತಿದೆ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದರು, 1831ರಲ್ಲಿ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು. ಹಾಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳದ ನಮಗೆ ಈ ಮಾತು ಊರಿನದೇ. ಅದರಲ್ಲಿರುವ ಷರತ್ತು ಮಾತ್ರ ಕಠಿಣ.

ಏಳು ಸಲ ಕ್ಷಮಿಸಿದರೆ ಸಾಕಾ ಎಂದು ಶಿಷ್ಯ ಪೇತ್ರ ಕೇಳಿದಾಗ ಯೇಸು ಹೇಳಿದ ಕಥೆ ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ರಾಜನಿಗೆ 10,000 ತಲಾಂತು, ಅಂದರೆ ಆ ಕಾಲದ ಲೆಕ್ಕದಲ್ಲಿ ಭಾರೀ ಹಣ, ಕೊಡಬೇಕಿದ್ದ ಸೇವಕನಿಗೆ ಸಾಲ ಪೂರ್ತಿ ಮನ್ನಾ ಆಗುತ್ತದೆ. ಹೊರಗೆ ಬಂದವನೇ ಅವನು, ತನಗೆ 100 ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿಯುತ್ತಾನೆ. ಪ್ರಸಂಗ ಮಾಡುವವರು ಈ 100 ದಿನಾರಿಯನ್ನು ಚಿಲ್ಲರೆ ಅಂದುಬಿಡುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಆಗ ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ದುಡಿಮೆ. ಉದ್ಯೋಗ ಖಾತ್ರಿ ಶುರುವಾದಾಗ ಸರ್ಕಾರ ಒಂದು ಮನೆಗೆ ಇಡೀ ವರ್ಷಕ್ಕೆ ಕೊಟ್ಟ ಭರವಸೆಯೇ 100 ದಿನದ ಕೆಲಸ. ಅಷ್ಟು ಕೂಲಿ ಕಳೆದುಕೊಂಡರೆ ಹೇಗಿರುತ್ತದೆ ಅಂತ ರಾಯಚೂರಿನಿಂದ ಗುಳೆ ಹೋಗುವವರನ್ನು ಕೇಳಿ. ನಿಮಗಾದ ನೋವು ಸಣ್ಣದು ಅಂತ ಯೇಸು ಹೇಳಲಿಲ್ಲ. ಆದರೆ ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಅಂದರೆ ಆ ಸೇವಕನಿಗೆ ಮನ್ನಾ ಆದದ್ದು ಆರು ಕೋಟಿ ದಿನದ ಕೂಲಿ. ನಾನೂ ಮನ್ನಾ ಪಡೆದವನೇ ಅಂತ ನೆನಪಿಟ್ಟುಕೊಳ್ಳುವುದನ್ನೇ ನಾನು ವಿನಯ ಅನ್ನುತ್ತೇನೆ. ಸುಮ್ನೆ ತಲೆ ತಗ್ಗಿಸಿ ನಿಲ್ಲುವುದನ್ನಲ್ಲ.

ಇನ್ನೊಂದು ವಿಷಯ. ನಿನ್ನ ಮೇಲೆ ಸಹೋದರನಿಗೆ ಬೇಸರವಿದ್ದರೆ ದೇವರಿಗೆ ತಂದ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಅದೇ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಅವನೇ ನಿನಗೆ ತಪ್ಪು ಮಾಡಿದ್ದರೂ ನೀನೇ ಹೋಗು ಎಂದು 18ರಲ್ಲಿದೆ. ಅಂದರೆ ತಪ್ಪು ಯಾರದೇ ಇರಲಿ, ಅವನೇ ಬರಲಿ ಅಂತ ಕಾಯುವುದಕ್ಕೆ ಇಬ್ಬರಿಗೂ ಅವಕಾಶವಿಲ್ಲ.

ಸಿರವಾರ ಕಡೆಯ ಇಬ್ಬರು ಅಣ್ಣತಮ್ಮಂದಿರನ್ನು ನಾನು ಬಲ್ಲೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ, ಮೇಲಿನವರು ಭತ್ತಕ್ಕೆ ನೀರು ಹಿಡಿದರೆ ಕೆಳಗಿನ ಹೊಲ ಒಣಗುತ್ತದೆ. ತಮ್ಮನ ಸರದಿಯ ರಾತ್ರಿ ಅಣ್ಣ ತನ್ನ ಹೊಲಕ್ಕೆ ನೀರು ತಿರುಗಿಸಿದ ಅಂತ ಜಗಳವಾಗಿ ಮಾತು ಬಿಟ್ಟಿತ್ತು. ಒಂದು ಭಾನುವಾರ, ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮುಂಚೆ, ಅಣ್ಣ ತಮ್ಮನ ಮನೆ ಬಾಗಿಲಿಗೆ ಹೋದರು. "ಆ ರಾತ್ರಿ ನೀರು ತಿರುಗಿಸಿದ್ದು ನಾನಽ, ತಪ್ಪಾತು" ಅಂದರು. ತಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಒಳಗ ಬಾ ಅಣ್ಣಾ, ಚಾ ಕುಡಿ, ಸರದಿ ಬರಕೊಳ್ಳೂಣು" ಅಂದರು. ಕ್ಯಾಲೆಂಡರಿನ ಹಿಂದೆ ಯಾರಿಗೆ ಯಾವ ರಾತ್ರಿ ನೀರು ಅಂತ ಇಬ್ಬರೂ ಕೂತು ಬರೆದುಕೊಂಡರು. ನನಗೆ ಹಿಡಿಸಿದ್ದು ಆ ಬರೆದುಕೊಂಡದ್ದು. ಕ್ಷಮಿಸಿದ ಮೇಲೂ ನ್ಯಾಯ ಬೇಕೇ ಬೇಕು. ಏಟು ತಿನ್ನುವ ಹೆಣ್ಣುಮಗಳಿಗೆ ಕ್ಷಮಿಸಿ ಹೊಂದಿಕೊಂಡು ಹೋಗಮ್ಮ ಅನ್ನುವವರು ಸುವಾರ್ತೆಯನ್ನು ತಪ್ಪಾಗಿ ಓದುತ್ತಿದ್ದಾರೆ.

ನಮ್ಮ ಸಂಘದಲ್ಲೂ ಮಾತು ಬಿಟ್ಟವರಿದ್ದೀರಿ. ಕ್ರೈಸ್ತರಾಗಲಿ, ಬೇರೆಯವರಾಗಲಿ, ದಯವಿಟ್ಟು ಈ ವಾರ ಒಂದು ಫೋನ್ ಮಾಡಿ. ಕಮಿಟಿಯ ಮೂಲಕ ಬೇಡ, ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ನೀವಿಬ್ಬರೇ ಇರುವಾಗ ಮಾತಾಡು ಅಂತಲೇ ಆ 18ನೇ ಅಧ್ಯಾಯದಲ್ಲಿ ಬರೆದಿರುವುದು.