ಭಾನುವಾರದ ಓದು: ಲಿವಿಂಗ್ ವಿಲ್

ಎಲ್ಲರಿಗೂ ನಮಸ್ಕಾರ. ಆರೋಗ್ಯ ಕಾನೂನು ಡಿಪ್ಲೊಮಾದವರಿಗೆ ಈ ಭಾನುವಾರ ಬೆಳಿಗ್ಗೆ 10ಕ್ಕೆ ದಾದರ್‌ನಲ್ಲಿ ಓದು, ಮಾಮೂಲಿ ಜಾಗ. ವಿಷಯ ಲಿವಿಂಗ್ ವಿಲ್, ಅಂದರೆ ಗುಣವಾಗುವ ಆಸೆ ಇಲ್ಲದಾಗ ಜೀವ ಹಿಡಿದಿಡುವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರ.

ಅರುಣಾ ಶಾನಭಾಗ ಪ್ರಕರಣದ 2011ರ ಸುಪ್ರೀಂ ಕೋರ್ಟ್ ತೀರ್ಪು (ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ದಶಕಗಳ ಕಾಲ ಹಾಸಿಗೆ ಹಿಡಿದಿದ್ದ ನರ್ಸ್), 2018ರ ಕಾಮನ್ ಕಾಸ್ (ಅರ್ಜಿ ಹಾಕಿದ ಸಂಸ್ಥೆ) ತೀರ್ಪು, ಅದರ 2023ರ ತಿದ್ದುಪಡಿ ಆದೇಶ ಓದಿ ಬನ್ನಿ. ಪುರುಸೊತ್ತಿಲ್ಲದಿದ್ದರೆ 2023ರದ್ದನ್ನಾದರೂ ಬಿಡಬೇಡಿ, ಅಂಕ ಹೋಗುವುದೇ ಅಲ್ಲಿ. ಹಳೇ ನೋಟ್ಸ್ ನೋಡಿ ಲಿವಿಂಗ್ ವಿಲ್‌ಗೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದು ಬರೆದುಬಿಡುತ್ತಾರೆ. ಈಗ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಚಿಕಿತ್ಸೆ ನಿಲ್ಲಿಸಬಹುದೇ ಎಂದು ಮೊದಲು ನೋಡುವ ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿಯಲ್ಲಿ ಚಿಕಿತ್ಸೆ ಕೊಡುವ ವೈದ್ಯರ ಜೊತೆ ಕನಿಷ್ಠ ಇಬ್ಬರು ತಜ್ಞರು. ಅನುಭವ 5 ವರ್ಷ, ಮೊದಲಿನಂತೆ 20 ಅಲ್ಲ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ, ಅಷ್ಟೇ ಝೆರಾಕ್ಸ್ ತೆಗೆಸುತ್ತೇವೆ. ಬರೀ ಥಂಬ್ಸಪ್ ಒತ್ತಿದರೆ ಲೆಕ್ಕಕ್ಕಿಲ್ಲ. ರೈಲಿನಲ್ಲಿ ಬರುವವರು ಮೆಗಾಬ್ಲಾಕ್ (ಹಳಿ ಕೆಲಸಕ್ಕೆ ಭಾನುವಾರ ರೈಲು ನಿಲ್ಲಿಸುವುದು) ನೋಡಿಕೊಂಡು ಹೊರಡಿ.