ಹೊರಗಿನ ಬೆಂಚಿನಲ್ಲಿ ಕೂತಿದ್ದವಳಿಗೆ, ಮತ್ತೆ ಇನ್ನೂ ಕೆಲವರಿಗೆ

ಆಪ್ತಸಮಾಲೋಚನೆಯಲ್ಲಿ ಎಂ.ಎಸ್ಸಿ. ಮಾಡಲು ಸೀಟು ಸಿಕ್ಕಿದೆ. ಹೋದ ವಾರ ಪತ್ರ ಬಂತು. ಅದಕ್ಕೆ ಎರಡು ದಿನ ಮುಂಚೆ ಕಾಲೇಜಿನ ಪೀರ್ ಸಪೋರ್ಟ್ ರೂಮಿನ, ಅಂದರೆ ಕಷ್ಟದಲ್ಲಿರುವ ವಿದ್ಯಾರ್ಥಿಗಳ ಮಾತನ್ನು ಜೊತೆಯ ವಿದ್ಯಾರ್ಥಿಗಳೇ ಕೂತು ಕೇಳುವ ರೂಮಿನ, ಬೀಗದ ಕೈಯನ್ನು ಜೂನಿಯರ್‌ಗಳಿಗೆ ಕೊಟ್ಟು ಬಂದಿದ್ದೆ. ಎರಡು ವರ್ಷ ಅದು ನನ್ನ ಬ್ಯಾಗಿನಲ್ಲೇ ಇತ್ತು. ಈಗಲೂ ಬ್ಯಾಗಿಗೆ ಕೈ ಹಾಕಿದರೆ ಬೆರಳು ಅದನ್ನೇ ಹುಡುಕುತ್ತದೆ. ಎಲ್ಲರೂ ಕಂಗ್ರಾಟ್ಸ್ ಅನ್ನುತ್ತಿದ್ದಾರೆ. ಖುಷಿಯೇ. ಆದರೆ ಇಲ್ಲಿಯವರೆಗೆ ಕರೆತಂದವರು ಯಾರ್ಯಾರು ಅಂತ ಒಂದು ಕಡೆ ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ.

ಮೊದಲು ನನ್ನ ರೂಮ್‌ಮೇಟ್. ಮೊದಲ ವರ್ಷದ ಎರಡನೇ ಸೆಮಿಸ್ಟರ್‌ನಲ್ಲಿ ನಾನು ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದೆ. ಅಳು ಬರುತ್ತಿರಲಿಲ್ಲ. ಬೇಜಾರು ಅಂತಲೂ ಹೇಳಲಾಗದು. ಒಳಗೆ ಏನೂ ಇರಲಿಲ್ಲ, ಅದೇ ತೊಂದರೆ. ಹಲ್ಲುಜ್ಜಲು ಏಳಬೇಕು ಅಂತ ಬೆಳಿಗ್ಗೆ ಅಂದುಕೊಂಡರೆ ಎದ್ದಾಗ ಮಧ್ಯಾಹ್ನ. ನೋಡಲು ಬಂದವರು ಒಂದೊಂದು ಸಲಹೆ ಕೊಟ್ಟು ಹೋದರು. ಬೇಗ ಮಲಗು, ವಾಕಿಂಗ್ ಹೋಗು, ಫೋನ್ ಬಿಡು, ಒಳ್ಳೆಯದನ್ನೇ ಯೋಚಿಸು. ಇವಳು ಮಾತ್ರ ಏನೂ ಹೇಳಲಿಲ್ಲ. ಕ್ಲಾಸು ಮುಗಿಸಿ ಬಂದು, ನನ್ನ ಮಂಚಕ್ಕೆ ಒರಗಿ, ನೆಲದ ಮೇಲೆ ಕೂತು ಅಸೈನ್‌ಮೆಂಟ್ ಬರೆಯುತ್ತಿದ್ದಳು. ಅಷ್ಟೇ. ಹೀಗೇ ಹತ್ತು ಹನ್ನೊಂದು ದಿನ ಕಳೆದ ಮೇಲೆ ಒಂದು ಸಂಜೆ, ಬರೆಯುತ್ತಲೇ ಹೇಳಿದಳು: "ನಾಳೆ ಕೌನ್ಸೆಲರ್ ಹತ್ರ ಹೋಗೋಣ. ನಾನು ಒಳಗೆ ಬರಲ್ಲ. ಹೊರಗೆ ಕೂತಿರ್ತೀನಿ."

ಎಂಟು ವಾರ, ವಾರಕ್ಕೊಂದು ಸಲ, ಅವಳು ಆ ಕಾರಿಡಾರಿನ ಬೆಂಚಿನಲ್ಲಿ ಕೂತಳು. ಒಳಗೆ ಏನು ಮಾತಾಡಿದೆ ಅಂತ ಒಂದು ಸಲವೂ ಕೇಳಲಿಲ್ಲ.

ಎರಡನೆಯವರು ಆ ಬಾಗಿಲಿನ ಒಳಗಿದ್ದ ಮೇಡಂ. ಮೊದಲ ದಿನ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯೂ-9 ಅಂತ ಅದರ ಹೆಸರು, ಖಿನ್ನತೆ ಎಷ್ಟಿದೆ ಅಂತ ಅಳೆಯುವುದಕ್ಕೆ. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ನಿದ್ದೆ, ಹಸಿವು, ಆಸಕ್ತಿ, ಗಮನ ಎಲ್ಲ ಹೇಗಿತ್ತು ಅಂತ ನೋಡಿಕೊಂಡು ಪ್ರತಿಯೊಂದಕ್ಕೂ 0ಯಿಂದ 3ರ ತನಕ ಅಂಕ ಹಾಕಬೇಕು. ಒಟ್ಟು 27. ನನಗೆ 17 ಬಂತು. ನಾನು ಗಾಬರಿಯಾದೆ. ಮೇಡಂ ನಕ್ಕರು. "ಇದು ಮಾರ್ಕ್ಸ್ ಕಾರ್ಡ್ ಅಲ್ಲಮ್ಮ, ಥರ್ಮಾಮೀಟರ್. ಜ್ವರ ಎಷ್ಟಿದೆ ಅಂತ ಹೇಳುತ್ತೆ. ಯಾಕೆ ಬಂತು ಅಂತ ನಾವಿಬ್ರೂ ಕೂತು ನೋಡ್ಬೇಕು." ಆ ಸಂಖ್ಯೆಗೆ ನಾನು ಹೆದರಿದ್ದೇನೋ ನಿಜ. ಆದರೆ ಸೋಮಾರಿತನಕ್ಕೆ ಯಾರೂ ಅಂಕ ಹಾಕುವುದಿಲ್ಲ, ಅಂದರೆ ಇದು ಸೋಮಾರಿತನ ಅಲ್ಲ ಅಂತ ಅನ್ನಿಸಿದ್ದೂ ಅವತ್ತೇ.

ಮನೋವೈದ್ಯರ ಹತ್ತಿರವೂ ಅವರೇ ಕಳಿಸಿದರು. ಕೆಲವು ತಿಂಗಳು ಮಾತ್ರೆ ತಗೊಂಡೆ. ಅದು ತಲೆನೋವಿನ ಮಾತ್ರೆಯ ಹಾಗಲ್ಲ, ಪರಿಣಾಮ ಕಾಣಲು ಕೆಲವು ವಾರ ಬೇಕು, ನಿಲ್ಲಿಸುವುದಿದ್ದರೂ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ನಿಲ್ಲಿಸಬೇಕು. ಇದನ್ನೆಲ್ಲ ಈಗ ಆರಾಮಾಗಿ ಬರೆಯುತ್ತಿದ್ದೇನೆ, ಆದರೆ ಆಗ ನೆಂಟರೊಬ್ಬರು ಕೇಳಿದಾಗ ವಿಟಮಿನ್ ಮಾತ್ರೆ ಅಂದಿದ್ದೆ. ಸುಳ್ಳು ಹೇಳಿದ್ದಕ್ಕೆ ಈ ಮೂಲಕ ಕ್ಷಮೆ.

ಅಪ್ಪನಿಗೂ ಥ್ಯಾಂಕ್ಸ್. ಮೊದಲು "ನಿನಗೇನು ಕಡಿಮೆ ಮಾಡಿದೀವಿ?" ಅಂದರು. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು. ಮೇಡಂ ಅವರ ಜೊತೆ ಒಂದು ಗಂಟೆ ಮಾತಾಡಿದ ಮೇಲೆ ಅಪ್ಪ ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಕೆಲಸಕ್ಕೆ ಬಾರದ ಸುದ್ದಿ ಹೇಳುತ್ತಿದ್ದರು. ಗಡಿಯಾರದ ಸೆಲ್ ಹೋಯಿತು, ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸಿದರು, ಇಂಥವು. ನನಗೆ ಆಗ ಬೇಕಾಗಿದ್ದದ್ದು ಅದೇ ಅಂತ ಅವರಿಗೆ ಹೇಗೆ ಗೊತ್ತಾಯಿತೋ.

ಬಿ.ಎ.ಯಲ್ಲಿ ಸೈಕಾಲಜಿ ತಗೊಂಡಿದ್ದೇ ಸುಲಭ ಅಂತ ಯಾರೋ ಹೇಳಿದ್ದಕ್ಕೆ. ಎರಡನೇ ವರ್ಷದಲ್ಲಿ ಒಂದು ದಿನ ಕ್ಲಾಸಿನಲ್ಲಿ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ವಿಷಯ ಬಂತು. 2005ರಲ್ಲಿ ಪ್ರಕಟವಾದದ್ದು. ಯಾವತ್ತಾದರೂ ಮಾನಸಿಕ ತೊಂದರೆ ಕಾಣಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ಅದು 14 ವಯಸ್ಸಿನೊಳಗೆ, ಮುಕ್ಕಾಲು ಭಾಗದವರಿಗೆ 24ರೊಳಗೆ ಶುರುವಾಗಿತ್ತು ಅಂತ ಅದರಲ್ಲಿತ್ತು. ನಾನು ಕ್ಲಾಸನ್ನು ಒಮ್ಮೆ ತಿರುಗಿ ನೋಡಿದೆ. ಅರವತ್ತು ಜನ, ಎಲ್ಲರೂ ಹತ್ತೊಂಬತ್ತು ಇಪ್ಪತ್ತರವರು. ನನಗೊಬ್ಬಳಿಗೇ ಹೀಗಾಯಿತು ಅಂದುಕೊಂಡಿದ್ದೆನಲ್ಲ. ಅದೇ ವಾರ ಪೀರ್ ಸಪೋರ್ಟ್ ತರಬೇತಿಗೆ ಹೆಸರು ಕೊಟ್ಟೆ.

ಹೆಸರು ಕೊಡುವಾಗ ನನಗೆ ಭಾರಿ ಧೈರ್ಯ. ಅನುಭವಿಸಿ ಬಂದವಳು ನಾನು, ನನಗೆ ಗೊತ್ತಿಲ್ಲದ್ದೇನು? ಆ ಸೊಕ್ಕು ಇಳಿಸಿದ ಸೀನಿಯರ್ ಅಕ್ಕನಿಗೆ ದೊಡ್ಡ ನಮಸ್ಕಾರ. ರೋಲ್ ಪ್ಲೇಯಲ್ಲಿ ಅವರು ಪರೀಕ್ಷೆಗೆ ಹೆದರಿದ ಹುಡುಗಿಯಾದರು, ನಾನು ಕೇಳುವವಳು. ಎರಡೇ ನಿಮಿಷ. ನಾನು ಸಲಹೆ ಕೊಟ್ಟಾಗಲೆಲ್ಲ ಅಕ್ಕ ಒಂದೊಂದು ಬೆರಳು ಮಡಚುತ್ತಿದ್ದರು. ಕೊನೆಗೆ ಮುಷ್ಟಿ ಪೂರ್ತಿ ಮುಚ್ಚಿತ್ತು. "ನಿನ್ನ ಕಥೆ ಚೆನ್ನಾಗಿದೆ. ಆದ್ರೆ ಅವಳು ಬಂದಿರೋದು ಅವಳ ಕಥೆ ಹೇಳೋಕೆ ಅಲ್ವಾ?" ಅಂದರು.

ಆ ತರಬೇತಿಯಲ್ಲಿ ಕೇಳಿದ ಒಂದು ಸಂಗತಿ ನನಗೆ ಬಹಳ ಇಷ್ಟ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ, ಸಾಯುವ ಯೋಚನೆ ಬಂದವರು ಫೋನ್ ಮಾಡಿ ಮಾತಾಡಲಿ ಅಂತ ಒಂದು ಸೇವೆ ಶುರುಮಾಡಿದರು. ಸಮಾರಿಟನ್ಸ್ ಅನ್ನುವ ಸಂಸ್ಥೆ ಹುಟ್ಟಿದ್ದು ಹಾಗೆ. ನೇರವಾಗಿ ಬಂದವರಿಗೆ ಅವರೇ ಸಲಹೆ ಕೊಡುತ್ತಿದ್ದರು. ಸರದಿಗಾಗಿ ಕಾಯುವವರ ಜೊತೆ ಮಾತಾಡುತ್ತಾ ಕೂರಲು ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪ ದಿನದಲ್ಲೇ ವಾರಾ ಗಮನಿಸಿದ್ದೇನೆಂದರೆ, ಹೊರಗೆ ಹೀಗೆ ಮಾತಾಡಿದ ಎಷ್ಟೋ ಜನಕ್ಕೆ ಒಳಗೆ ಬರುವ ಅಗತ್ಯವೇ ಬೀಳುತ್ತಿರಲಿಲ್ಲ. ಮರುವರ್ಷವೇ ಕೇಳುವ ಕೆಲಸವನ್ನು ಸ್ವಯಂಸೇವಕರಿಗೆ ವಹಿಸಿದರು. ಇದನ್ನು ಕೇಳಿದಾಗ ನನಗೆ ನೆನಪಾದದ್ದು ಕಾರಿಡಾರಿನ ಬೆಂಚು.

ಇನ್ನೊಂದು ಪಾಠ ಕಷ್ಟದ್ದು. ಸಾಯುವ ಯೋಚನೆ ಬರುತ್ತಿದೆಯಾ ಅಂತ ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅಂತ ನಾನು ನಂಬಿದ್ದೆ. ಬಹಳ ಜನ ನಂಬುತ್ತಾರೆ. ಅದು ತಪ್ಪು ಅಂತ ಅಧ್ಯಯನಗಳು ಹೇಳುತ್ತವೆ. ನೇರವಾಗಿ, ಬೈಯದೆ, ಗಾಬರಿಯಾಗದೆ ಕೇಳಿದರೆ ಎಷ್ಟೋ ಮಂದಿಗೆ ಹಗುರವಾಗುತ್ತದೆ. ಆದರೆ ಗೊತ್ತಾಗುವುದು ಬೇರೆ, ಬಾಯಿಂದ ಬರುವುದು ಬೇರೆ. ಕನ್ನಡಿ ಮುಂದೆ ನಿಂತು ಆ ಒಂದು ವಾಕ್ಯವನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕ ಇಲ್ಲ. "ಸಾಯೋ" ಅನ್ನುವಲ್ಲಿಗೆ ದನಿ ಇಂಗಿಹೋಗುತ್ತಿತ್ತು.

ಈಗ ಒಬ್ಬ ಹುಡುಗನ ವಿಷಯ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗುವುದೆಲ್ಲ ತೆಗೆದಿದ್ದೇನೆ. ರೂಮಿಗೆ ಬಂದು ಕೂತವನೇ "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಅಂದ. ಅವನು ಎದ್ದು ಹೋಗಿಬಿಟ್ಟರೆ ಅನ್ನುವ ಭಯಕ್ಕೆ ಕೊಟ್ಟುಬಿಟ್ಟೆ. ಕೊಡಬಾರದಿತ್ತು. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ದೊಡ್ಡವರಿಗೆ ತಿಳಿಸಬೇಕಾಗುತ್ತದೆ, ಉಳಿದದ್ದೆಲ್ಲ ನಮ್ಮಲ್ಲೇ ಇರುತ್ತದೆ ಅಂತ ಮೊದಲೇ ಹೇಳಬೇಕು. ತರಬೇತಿಯ ಎರಡನೇ ದಿನದ ಪಾಠ ಅದು. ಅರ್ಧ ಗಂಟೆಯ ಮೇಲೆ ನಾನು ಆ ಪ್ರಶ್ನೆ ಕೇಳಿದೆ. ಈ ಸಲ ದನಿ ಬಂತು. ಅವನು ಹೌದು ಅಂದ.

ಕೊಟ್ಟ ಮಾತನ್ನು ಇಟ್ಟುಕೊಂಡು ಏನು ಮಾಡುವುದು? ಅವನಿಗೇ ಹೇಳಿದೆ. "ನಾನು ತಪ್ಪು ಮಾತು ಕೊಟ್ಟೆ. ಇದನ್ನ ಮೇಡಂಗೆ ಹೇಳ್ಲೇಬೇಕು. ನಿಮ್ಮೆದುರಿಗೇ ಫೋನ್ ಮಾಡ್ತೀನಿ." ಅವನ ಮುಖ ಈಗಲೂ ಕಣ್ಣ ಮುಂದೆ ಇದೆ. ಮೇಡಂ ಹತ್ತು ನಿಮಿಷದಲ್ಲಿ ಬಂದರು. ಆ ರಾತ್ರಿ ಅವನು ಒಬ್ಬನೇ ಇರದ ಹಾಗೆ ನೋಡಿಕೊಂಡರು, ಮನೆಯವರನ್ನು ಕರೆಸಿದರು, ಮರುದಿನವೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಆಮೇಲೆ ನನ್ನನ್ನೂ ಕೂರಿಸಿಕೊಂಡರು. ಬೈಯಲಿಲ್ಲ. "ಅವನನ್ನ ನೀನೊಬ್ಬಳೇ ಹೊರೋಕಾಗಲ್ಲ. ಹೊರೋದು ನಿನ್ನ ಕೆಲಸಾನೂ ಅಲ್ಲ. ದಾಟಿಸೋದು ನಿನ್ನ ಕೆಲಸ" ಅಂದರು. ಅಂದು ರಾತ್ರಿ ನಿದ್ದೆ ಬಂದದ್ದು ಆ ಮಾತಿನಿಂದ.

ಹುಡುಗ ನನ್ನ ಜೊತೆ ಮಾತು ಬಿಟ್ಟ. "ನೀವು ಮಾತು ಕೊಟ್ಟಿದ್ರಿ" ಅಂತ ಒಂದೇ ಮೆಸೇಜು. ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದ. ನನಗೆ ನೋವಾಯಿತು, ಸುಳ್ಳು ಯಾಕೆ. ಐದು ತಿಂಗಳಾದ ಮೇಲೆ ಒಂದು ದಿನ ರೂಮಿನ ಬಾಗಿಲಲ್ಲಿ ನಿಂತಿದ್ದ. ಥ್ಯಾಂಕ್ಸ್ ಹೇಳಲಿಲ್ಲ, ಸಾರಿ ಕೂಡ ಇಲ್ಲ. "ನಾಳೆ ಎಷ್ಟು ಗಂಟೆಗೆ ತೆಗೀತೀರ? ಒಬ್ಬ ಫ್ರೆಂಡ್‌ನ ಕರ್ಕೊಂಡ್ ಬರ್ತೀನಿ" ಅಂದ. ಮರುದಿನ ಕರೆದುಕೊಂಡೇ ಬಂದ. ಫ್ರೆಂಡ್ ಒಳಗೆ, ಇವನು ಹೊರಗೆ.

ಇನ್ನು ಉಳಿದವರು. ಸಂಜೆ ಗೇಟು ಮುಚ್ಚುವ ಹೊತ್ತಾದರೂ ನಮ್ಮ ರೂಮಿನ ದೀಪ ಉರಿಯುತ್ತಿದ್ದರೆ ಇನ್ನೊಂದು ಸುತ್ತು ಹೊಡೆದು ಬರುತ್ತಿದ್ದ ವಾಚ್‌ಮನ್ ಅಣ್ಣ. ಬಂದವರ ಹೆಸರು ಗೊತ್ತಿದ್ದೂ ಎಲ್ಲೂ ಬಾಯಿ ಬಿಡದ ಲೈಬ್ರರಿ ಅಕ್ಕ. ರೂಮಿಗೆ ಬಂದು ಏನೂ ಮಾತಾಡದೆ ಇಪ್ಪತ್ತು ನಿಮಿಷ ಕೂತು ಹೋದವರು. ಒಮ್ಮೆ ಬಂದು ಮತ್ತೆ ಬರದವರು. ಅವರಿಗೆ ನಾವು ಉಪಯೋಗಕ್ಕೆ ಬಂದೆವೋ ಇಲ್ಲವೋ. ಆದರೂ ನಂಬಿ ಬಾಗಿಲು ತಟ್ಟಿದಿರಲ್ಲ, ಅದಕ್ಕೆ.

ಜೂನಿಯರ್‌ಗಳೇ, ರೂಮಿನ ಬಾಗಿಲು ಬಹಳ ಕಿರುಗುಟ್ಟುತ್ತದೆ. ಎಣ್ಣೆ ಬಿಡಿ. ಒಳಗೆ ಅಳುತ್ತಿರುವವರು ಬೆಚ್ಚಿಬೀಳುತ್ತಾರೆ. ಟಿಶ್ಯೂ ಡಬ್ಬವನ್ನು ಅವರ ಕೈಗೆ ಕೊಡಬೇಡಿ, ಎಟುಕುವ ಹಾಗೆ ಇಟ್ಟರೆ ಸಾಕು. ಕೈಗೆ ಕೊಟ್ಟರೆ ಕೆಲವರಿಗೆ ಅಳು ನಿಲ್ಲಿಸು ಅಂದ ಹಾಗೆ ಕೇಳಿಸುತ್ತದೆ.

ಇದನ್ನು ಹಾಕುವ ಮೊದಲು ರೂಮ್‌ಮೇಟ್‌ಗೆ ಕಳಿಸಿದ್ದೆ. ಬೆಂಚಿನ ಕಥೆ ಓದಿ ಕಣ್ಣಲ್ಲಿ ನೀರು ಹಾಕುತ್ತಾಳೆ ಅಂದುಕೊಂಡಿದ್ದೆ. ಉತ್ತರ ಬಂತು: "ಜಾಸ್ತಿ ಏನೂ ಇಲ್ಲ ಕಣೆ. ಅಲ್ಲಿ ಫ್ಯಾನ್ ಚೆನ್ನಾಗಿ ತಿರುಗ್ತಿತ್ತು."